ಚಿತ್ರದಲ್ಲಿಲ್ಲದ ಎಮ್ಮೆ

ಮಕ್ಕಳ ಮುಂದೆ ಒಂದು ಚಿತ್ರ ಇಟ್ಟು ‘ಕತೆ ಬರೀರಿ’ ಅಂದರೆ, ನಾವು ಅಂದುಕೊಂಡ ಕತೆ ಯಾವತ್ತೂ ಬರುವುದಿಲ್ಲ. ತಮಿಳುನಾಡಿಗೆ ಸೇರಿದ ತಾಳವಾಡಿ ಸೀಮೆಯ ಕನ್ನಡ ಶಾಲೆಗಳಲ್ಲಿ, ಮೊನ್ನೆ ಮೊನ್ನೆ ನಿವೃತ್ತಳಾಗುವ ತನಕ, ಪ್ರತಿ ಶುಕ್ರವಾರ ನಾನು ಮಾಡಿಸಿದ್ದು ಇದನ್ನೇ. ಹಳೇ ಕ್ಯಾಲೆಂಡರು, ಪೇಪರಿನ ತುಂಡು, ಸಿಕ್ಕಿದ ಚಿತ್ರವನ್ನೆಲ್ಲ ಬಿಸ್ಕತ್ ಡಬ್ಬದಲ್ಲಿ ಕೂಡಿಟ್ಟಿದ್ದೆ. ಈಗಲೂ ಡಬ್ಬ ತೆಗೆದರೆ ಮೊದಲು ನಗು, ಆಮೇಲೆ ಒಂದೊಂದಾಗಿ ಆ ಮುಖಗಳು.

೧. ಕಾಯುವ ಹೆಂಗಸು

ಬಾಗಿಲಿಗೆ ಒರಗಿ ದಾರಿ ನೋಡುತ್ತಿರುವ ಹೆಂಗಸಿನ ಚಿತ್ರ. ನನಗೆ ಬಲು ಇಷ್ಟ. ಯಾರಿಗಾಗಿ ಕಾಯುತ್ತಿದ್ದಾಳೋ, ಎಂಥ ಕತೆ ಬರುತ್ತದೋ ಎಂದು ಆಸೆಯಿಂದ ಒಬ್ಬಳ ಪುಸ್ತಕ ತೆಗೆದೆ. ಎರಡೇ ಸಾಲು: ‘ಈ ಅಕ್ಕ ಸತ್ಯಮಂಗಲದ ಬಸ್ಸಿಗೆ ಕಾಯುತ್ತಿದ್ದಾಳೆ. ದಿಂಬಂ ಘಾಟಿಯ ತಿರುವಿನಲ್ಲಿ ಲಾರಿ ಕೆಟ್ಟು ನಿಂತಿದೆ.’

“ಇಷ್ಟೇನಾ? ಕತೆ ಎಲ್ಲಿ?”

“ಲಾರಿ ತೆಗುದ್ ಮ್ಯಾಕೆ ಕತೆ ಟೀಚರೇ. ಅಲ್ಲಿಗಂಟ ಏನೂ ಆಗಲ್ಲ.”

೨. ತಾಳಮಲೆಯ ಹುಲಿ

ತಾಳಮಲೆಯ ಶಾಲೆಯಲ್ಲಿ, ಬಂಡೆ ಮೇಲೆ ಬಾಯಿ ತೆರೆದು ನಿಂತ ಹುಲಿಯ ಚಿತ್ರ ತೋರಿಸಿದೆ. ಒಬ್ಬರೂ ಪೆನ್ಸಿಲ್ ಎತ್ತಲಿಲ್ಲ. ಕೊನೇ ಬೆಂಚಿನ ಹುಡುಗಿ ಎದ್ದು ನಿಂತಳು.

“ಇದ ಬರ್ದೋನು ಉಲಿನೇ ನೋಡಿಲ್ಲ ಟೀಚರೇ. ನಮ್ ಒಲದ ತಾವ ಬಂದಿದ್ ಉಲಿ ಬಾಯೇ ತೆಗೀನಿಲ್ಲ. ಬಾಯ್ ತೆಗುದಿದ್ದು ನಮ್ಮಪ್ಪ.”

ಅದನ್ನೇ ಬರಿ ಅಂದೆ. ನಾಲ್ಕು ಪುಟ ಬರೆದಳು. ಅಪ್ಪ ಪಂಚೆ ಬಿಟ್ಟು ಓಡಿದ್ದನ್ನೂ ಬಿಡಲಿಲ್ಲ. ಆ ಅಪ್ಪ ಶಾಲೆಗೆ ಬಂದಾಗ ಭಯದಿಂದಲೇ ಓದಿ ಹೇಳಿದೆ. ತಲೆ ತಗ್ಗಿಸಿ ಪೂರ್ತಿ ಕೇಳಿ, ಮೆಲ್ಲಗೆ ಅಂದರು: “ಎಲ್ಲಾ ಸರಿಯಾಗದೆ. ಉಲಿಯ ಮಾತ್ರ ಇನ್ನೊಸಿ ದೊಡ್ಡದು ಮಾಡ್ಸಿ.”

೩. ಅಜ್ಜಿಯ ಎಮ್ಮೆ

ಹುಡುಗಿಯೊಬ್ಬಳು ಹಳೇ ಮದುವೆ ಕಾಗದದ ಹಿಂದೆ ತನ್ನ ಅಜ್ಜಿಯ ಚಿತ್ರ ಬರೆದಿದ್ದಳು. ಎಲೆಯಡಿಕೆ ತುಂಬಿದ ಕೆನ್ನೆ ಕೂಡ ಹಾಗೇ ಇತ್ತು. ಅದನ್ನೇ ಗೋಡೆಗೆ ಅಂಟಿಸಿ, ಈ ಅಜ್ಜಿಯ ಬಗ್ಗೆ ಬರೀರಿ ಅಂದೆ.

ಅವಳ ಗೆಳತಿ, ಆಚೆಮನೆ ಅಜ್ಜಿಯ ಮೊಮ್ಮಗಳು, ಎಂಥ ಕತೆ ಬರೆದಳು ಗೊತ್ತೆ! ಅಜ್ಜಿ ಸಾಯುವ ಮುಂಚೆ ಆಚೆಮನೆಯವಳನ್ನು ಕರೆದು, ತನ್ನ ಎಮ್ಮೆಯ ಹಗ್ಗ ಅವಳ ಕೈಗಿಟ್ಟು ಕಣ್ಣು ಮುಚ್ಚುತ್ತಾಳೆ. ಇಡೀ ತರಗತಿಗೆ ಗಟ್ಟಿಯಾಗಿ ಓದಿ ಹೇಳಿದೆ.

ಮಾರನೇ ದಿನ ಕೋಲೂರಿಕೊಂಡು ಅಜ್ಜಿಯೇ ಬಂದರು.

“ಯಾವಳಮ್ಮೀ ನನ್ನ ಸಾಯ್ಸಿದೋಳು?”

ಬರೆದವಳು ನನ್ನ ಸೆರಗಿನ ಹಿಂದೆ. “ಅಜ್ಜಿ, ಅದು ಕತೆ...” ಅಂದೆ.

“ಸತ್ತಿದ್ದು ಓಗ್ಲಿ ಟೀಚರೇ! ನನ್ನೆಮ್ಮೆಯ ಆಚೆಮನೆಯೋಳ್ಗೆ ಯಾಕ್ ಕೊಟ್ಟಿದ್ದು? ಬೇಲಿ ಜಗಳದಲ್ಲಿ ನಾವಿಬ್ರೂ ಮಾತು ಬುಟ್ಟು ಏಸೋ ವರ್ಸ ಆಯ್ತು!”

ಸೆರಗಿನ ಹಿಂದಿನಿಂದ ಅಳುವ ದನಿ: “ಕತೆಯಲ್ಲಾದ್ರೂ ಮಾತಾಡ್ಲಿ ಅಂತ ಬರ್ದೆ ಅಜ್ಜಿ.”

ಅಜ್ಜಿ ಬೆಂಚಿನ ಮೇಲೆ ಕೂತರು. ಗೋಡೆಯ ಚಿತ್ರವನ್ನೇ ತುಂಬ ಹೊತ್ತು ನೋಡಿದರು.

“ಅಂಗಾರೆ ಎಮ್ಮೆ ಬ್ಯಾಡ. ಕರ ಕೊಡು. ಬರ್ಕೊ.”

ಹುಡುಗಿ ಮೂಗೊರೆಸಿಕೊಂಡು ಎಮ್ಮೆ ಹೊಡೆದು ಹಾಕಿ ಕರು ಅಂತ ತಿದ್ದಿದಳು. ಅಜ್ಜಿ ನನ್ನಿಂದ ಎರಡು ಸಲ ಓದಿಸಿ, ಸಮಾಧಾನವಾಗಿ ಎದ್ದರು. ನನಗೆ ತಡೆಯಲಾಗಲಿಲ್ಲ.

“ಅಜ್ಜಿ, ಕತೆಯಲ್ಲಿ ನೀವಿನ್ನೂ ಸತ್ತೇ ಇದ್ದೀರಲ್ಲ?”

“ಇರ್ಲಿ ಬುಡಿ ಟೀಚರೇ,” ಅಂದರು ಅಜ್ಜಿ. “ಎಮ್ಮೆ ಉಳೀತಲ್ಲ!”