ಮಾಮಾನ ಜೀಪಿಗೆ ಗಾಲಿ ಕೂಡಿಬಂದದ್ದು

ನಮ್ಮ ಮಾಮಾ ತನ್ನ ಮಗಳಿಗೆ ವರನನ್ನು ಗೊತ್ತುಮಾಡಿದ್ದು ಒಂದು ಬಸಿ ಚಹಾ ಕುಡಿದು ಮುಗಿಸುವಷ್ಟರಲ್ಲಿ. ಜೀಪಿಗೆ ಗಾಲಿ ಗೊತ್ತುಮಾಡಲು ಮಾತ್ರ ಎರಡು ದ್ರಾಕ್ಷಿ ಸುಗ್ಗಿ ಕಳೆದವು. ಅಳಿಯ ಹೇಗಿದ್ದರೂ ನಡೆಯುತ್ತದೆ, ಗಾಲಿ ಹಾಗಲ್ಲವಲ್ಲ!

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ಶೇಡಬಾಳದಲ್ಲಿ ಅವನದು ದ್ರಾಕ್ಷಿ ತೋಟ, ಒಂದು ಹಳೆಯ ಜೀಪು, ಮತ್ತು ಯಾರ ಮಾತನ್ನೂ ಕೇಳದ ಸ್ವಭಾವ. ಒಂದು ದಿನ ಮೊಬೈಲಿನಲ್ಲಿ ಯಾರೋ ದಪ್ಪ ಗಾಲಿಯ ಜೀಪನ್ನು ಗುಡ್ಡಕ್ಕೆ ಹಲ್ಲಿಯಂತೆ ಹತ್ತಿಸುವುದನ್ನು ನೋಡಿದ. ಅಂದಿನಿಂದ ತನ್ನ ಜೀಪಿನ ಗಾಲಿಗಳು ಅವನಿಗೆ ಹಪ್ಪಳದಂತೆ ಕಾಣತೊಡಗಿದವು. ಆದರೆ ನಮ್ಮ ಕಡೆ ಗುಡ್ಡ ಎಲ್ಲಿದೆ? ಕೃಷ್ಣೆಯ ದಂಡೆಯ ನೆಲ ಅಂಗೈಯಷ್ಟು ಸಪಾಟು. ಉಗಾರದ ಕಾರ್ಖಾನೆಗೆ ಕಬ್ಬು ಹೇರಿಕೊಂಡು ಹೊರಟ ಟ್ರ್ಯಾಕ್ಟರೇ ನಾವು ಕಂಡ ಅತಿ ಎತ್ತರದ ಶಿಖರ.

"ಮಾಮಾ, ನೀ ಹತ್ತೂ ಗುಡ್ಡ ಯಾವುದು?" ಎಂದೆ.

"ಗುಡ್ಡ ಬಂದ ಮ್ಯಾಲ ಗಾಲಿ ಹುಡಕಾಕ ಹೋಗ್ಬೇಕೇನಲೇ?" ಎಂದ.

ಮೊದಲ ಜೋಡಿ ನಿಪ್ಪಾಣಿಯಿಂದ ಬಂತು. ಕರ್ರಗೆ ಮಿಂಚುವ ಗಾಲಿಗಳನ್ನು ಇಳಿಸುವಾಗ ಇಡೀ ಓಣಿ ನೆರೆಯಿತು. ಜೀಪಿಗೆ ಇದ್ದದ್ದು ಐದು ಬೋಲ್ಟು, ಗಾಲಿಗೆ ಇದ್ದದ್ದು ಆರು ತೂತು. ಮಾಮಾ ಎಣಿಸಿದ. ಕನ್ನಡಕ ಹಾಕಿಕೊಂಡು ಮತ್ತೆ ಎಣಿಸಿದ. ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು, "ಒಂದು ತೂತು ಹೆಚ್ಚಿಗಿ ಐತಿ ಅಷ್ಟ. ಕಡಿಮಿ ಬಿದ್ದಿದ್ರ ತ್ರಾಸ ಆಗತಿತ್ತು" ಎಂದು ಸಮಾಧಾನ ಹೇಳಿದರು. ಅಂಗಡಿಯವನಿಗೆ ಫೋನು ಮಾಡಿದರೆ ಅವನು ಮರಾಠಿಯಲ್ಲಿ ಶಾಂತವಾಗಿ, "ಸಾಯಿಜ್ ಸಾಂಗಿತ್ಲಿ, ಭೋಕಂ ನಾಹಿ ಸಾಂಗಿತ್ಲಿ" ಎಂದ. ಅಳತೆ ಹೇಳಿದಿರಿ, ತೂತು ಹೇಳಲಿಲ್ಲ ಎಂದರ್ಥ. ನ್ಯಾಯವಾಗಿಯೇ ಇತ್ತು.

ಎರಡನೆಯ ಜೋಡಿ ಅಥಣಿಯದು. ತೂತು ಕೂಡಿದವು, ಗಾಲಿ ಕೂತವು, ಜೀಪು ಓಡಿತು. ಆದರೆ ಎಡಕ್ಕೆ ಹೊರಳಿಸಿದರೆ ಗಾಲಿ ಮಡ್‌ಗಾರ್ಡಿಗೆ ತಾಗಿ ಗರಗಸದಂತೆ ಕೊರೆಯುತ್ತಿತ್ತು. ಸೋಲೊಪ್ಪಿಕೊಂಡರೆ ಮಾಮಾ ಹೇಗಾದಾನು? ಬಲಕ್ಕೆ ಮಾತ್ರ ಹೊರಳತೊಡಗಿದ. ಎಡಕ್ಕೆ ಹೋಗಬೇಕಾದರೆ ಬಲಕ್ಕೆ, ಮತ್ತೆ ಬಲಕ್ಕೆ, ಇನ್ನೊಮ್ಮೆ ಬಲಕ್ಕೆ. ಪಂಚಾಯಿತಿ ಚುನಾವಣೆ ಹತ್ತಿರವಿದ್ದುದರಿಂದ ಇವನು ಯಾವ ಪಕ್ಷಕ್ಕೆ ಸೇರಿದ್ದಾನೆಂದು ಕಟ್ಟೆಯಲ್ಲಿ ಚರ್ಚೆಯಾಯಿತು. ಮಳೆಗಾಲದಲ್ಲಂತೂ ಹೊರಗೆ ಚಾಚಿದ ಆ ಗಾಲಿಗಳು ಕರಿಮಣ್ಣಿನ ರಾಡಿಯನ್ನು ಎತ್ತಿ ನೇರವಾಗಿ ಮಾಮಾನ ಬಿಳಿ ಅಂಗಿಗೇ ಒಗೆಯುತ್ತಿದ್ದವು. ಮನೆಗೆ ಬಂದವನನ್ನು ಅವನ ನಾಯಿಯೇ ಗುರುತಿಸದೆ ಬೊಗಳಿತು.

ಆಮೇಲೆ ಮಾಮಾ ವಿದ್ವಾಂಸನಾದ. ಗಾಲಿ ಎಷ್ಟು ಒಳಗೆ ಕೂರಬೇಕು, ಎಷ್ಟು ಹೊರಗೆ ಚಾಚಬೇಕು ಎಂಬುದಕ್ಕೆ ಆಫ್‌ಸೆಟ್ ಎನ್ನುತ್ತಾರಂತೆ. ಆ ಶಬ್ದ ಸಿಕ್ಕ ಮೇಲೆ ಅವನಿಗೆ ಬೇರೆ ಶಬ್ದಗಳು ಬೇಡವಾದವು. ಕಾಗವಾಡದಲ್ಲಿ ನಮ್ಮ ನೆಂಟರ ಹುಡುಗಿಗೆ ವರನ ಕಡೆಯವರು ಬಂದಿದ್ದರು. ಒಳಗೆ ಅವಲಕ್ಕಿ ನಡೆದಿದ್ದರೆ ಮಾಮಾ ಹೊರಗೆ ಅವರ ಕಾರಿನ ಕೆಳಗೆ ಬಗ್ಗಿದ್ದ. ನನ್ನ ತಾಯಿ ಮೆಲ್ಲಗೆ, "ಹುಡುಗ ಹೆಂಗ ಅದಾನೋ?" ಎಂದು ಕೇಳಿದಳು. "ಛಲೋ ಅದಾನಕ್ಕಾ, ಖರೆ ಆಫ್‌ಸೆಟ್ ತಪ್ಪೈತಿ" ಎಂದ. ಆ ಸಂಬಂಧ ಮುರಿದುಬಿತ್ತು. ಕಾರಣ ಬೇರೆಯೇ ಇತ್ತು, ಆದರೆ ಮಾಮಾ ಇಂದಿಗೂ ಒಪ್ಪುವುದಿಲ್ಲ.

ಮೂರನೆಯ ಜೋಡಿ ಚಿಕ್ಕೋಡಿಯಲ್ಲಿ ಸಿಕ್ಕಿತು. ಗಾಲಿ ತಾಗದಿರಲೆಂದು ಜೀಪನ್ನೂ ಎತ್ತರಿಸಿದರು. ಕೊನೆಗೂ ಎಲ್ಲವೂ ಸರಿಯಾಗಿತ್ತು. ತೂತು ಸರಿ, ಹೊರಳುವುದು ಸರಿ, ಕೆಸರು ಕೆಸರಿನಲ್ಲೇ ಉಳಿಯಿತು. ಜೀಪು ಅಂಗಳದಲ್ಲಿ ಒಂಟೆಯಂತೆ ನಿಂತಿತು. ಮಾಮಾ ಕಾಯಿ ಒಡೆದ, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟ, ಎಲ್ಲರಿಗೂ ಪೇಡೆ ಹಂಚಿದ.

ಮರುದಿನ ಬೆಳಿಗ್ಗೆ ಮಾಮಾನ ಹೆಂಡತಿ, ಅಂದರೆ ನಮ್ಮ ಮಾಮಿ, ಎಂದಿನಂತೆ ಬಸದಿಗೆ ಹೊರಟು ಬಂದಳು. ದಿನಾ ಬೆಳಿಗ್ಗೆ ಇಬ್ಬರೂ ಜೀಪಿನಲ್ಲೇ ಹೋಗುವ ರೂಢಿ. ಮಾಮಿಗೆ ಮೊಣಕಾಲು ನೋವು. ಕಾಲೆತ್ತಿದಳು, ನಿಲುಕಲಿಲ್ಲ. ಬಾಗಿಲು ಹಿಡಿದು ಜಗ್ಗಿದಳು, ಆಗಲಿಲ್ಲ. ಮಾಮಾ ಸ್ಟೂಲು ತಂದಿಟ್ಟ, ಅದು ಅಲುಗಾಡಿತು. ಓಣಿಯವರೆಲ್ಲ ನೋಡುತ್ತಿದ್ದರು. ಮಾಮಿ ನಕ್ಕು, ಸೆರಗು ಸರಿಮಾಡಿಕೊಂಡು, "ನೀವು ಹೋಗ್ರಿ, ನಾ ಸಾವಕಾಶ ನಡಕೋತ ಬರ್ತೀನಿ" ಎಂದಳು.

ಕೆಲ ದಿನಗಳಾದ ಮೇಲೆ ಮಾಮಾ ಜೀಪನ್ನು ಮತ್ತೆ ಚಿಕ್ಕೋಡಿಗೆ ಒಯ್ದ. ಜೊತೆಗೆ ನಾನೂ ಇದ್ದೆ.

"ಏನ್ ತ್ರಾಸ ಐತ್ರಿ?" ಎಂದ ಗ್ಯಾರೇಜಿನವನು.

"ಗಾಡಿ ಭಾಳ ಸುಮ್ಮ ಓಡಾಕತ್ತೈತಿ" ಎಂದ ಮಾಮಾ.

ಗ್ಯಾರೇಜಿನವನು ನನ್ನ ಮುಖ ನೋಡಿದ. ಸಪ್ಪಳ ಬರುತ್ತದೆಂದು ಬಂದವರನ್ನು ಅವನು ಕಂಡಿದ್ದ, ಸಪ್ಪಳ ಇಲ್ಲವೆಂದು ಬಂದವರನ್ನು ಕಂಡಿರಲಿಲ್ಲ. ಒಂದು ಸುತ್ತು ಓಡಿಸಿ ಬಂದು, "ಬರೋಬ್ಬರಿ ಐತ್ರಿ" ಎಂದು ಕೈ ಒರೆಸಿಕೊಂಡ.

ಮರಳುವಾಗ ಮಾಮಾ ಯಡೂರಿನ ದಾರಿ ಹಿಡಿದ. ಹೊಳೆ ಕಂಡಾಗ, "ನಿಮ್ಮ ಮಾಮಿ ಬಾಜೂಕ ಕುಂತಾಗ ದಾರಿ ತುಂಬ ಮಾತಾಡತಿದ್ಲು. ಮುಂದ ಎಮ್ಮಿ ಐತಿ ನೋಡ್ರಿ, ಅಲ್ಲಿ ಬದನಿಕಾಯಿ ಛಲೋ ಅದಾವ, ನಿಲ್ಲಸ್ರಿ ಅಂತಿದ್ಲು" ಎಂದ. ಹಾರ್ನ್ ಹೊಡೆದು, "ಈಗ ಎಮ್ಮಿನೂ ನಾನ ನೋಡ್ಬೇಕು" ಎಂದ.



ಆ ವಾರವೇ ಜೀಪು ಹಳೆಯ ಗಾಲಿಗಳ ಮೇಲೆ ಕೆಳಗಿಳಿಯಿತು. ಬೆಳಿಗ್ಗೆ ಮಾಮಿ ಅಂಗಳಕ್ಕೆ ಬಂದು ನೋಡಿ, "ದೊಡ್ಡ ಗಾಲಿ ಯಾಕ ತಗದ್ರಿ?" ಎಂದು ಕೇಳಿದಳು.

"ಡೀಸೆಲ್ಲಿನ ಆವರೇಜ್ ಕೊಡವಲ್ಲವಾಗಿದ್ವು" ಎಂದ ಮಾಮಾ, ಕನ್ನಡಿ ಒರೆಸುತ್ತ.

ಮಾಮಿ ಒಂದು ಗಳಿಗೆ ಅವನನ್ನು ನೋಡಿದಳು. ಅವನ ಭುಜದ ಮೇಲೆ ಕೈಯಿಟ್ಟು ಹತ್ತಿ ಕೂತಳು. ಜೀಪು ಓಣಿ ದಾಟುವುದರೊಳಗೆ ಅವಳ ಮಾತು ಶುರುವಾಗಿತ್ತು. ಎದುರಿಗೆ ಯಾರೂ ಇರಲಿಲ್ಲ, ರಸ್ತೆ ಖಾಲಿ ಇತ್ತು. ಆದರೂ ಮಾಮಾ, ಅವಳ ಮಾತು ನೆಟ್ಟಗೆ ಕೇಳಲೆಂದು, ಗಾಡಿ ನಿಧಾನ ಮಾಡಿದ.