ನಾನು ಗ್ಯುರ್ಗಾ ದೊಡ್ಡಮ್ಮನ ಶ್ರುತಿ ತಿದ್ದಿದ್ದು

ನನ್ನ ಹೆಂಡತಿ ರುಮ್ಯಾನಾ ಮಾತಾಡುವುದು ಕಡಿಮೆ. ಆದರೆ ಆಡುವ ಒಂದೊಂದು ಮಾತನ್ನೂ ಎಲ್ಲಿ ನಾಟಬೇಕೋ ಅಲ್ಲಿಗೇ ನಾಟಿಸುತ್ತಾಳೆ. ಹೋದ ಜನವರಿಯ ಒಂದು ಬೆಳಗ್ಗೆ, ಹಾಡು ಮುದ್ರಿಸಿಕೊಳ್ಳುವ ನನ್ನ ಸಾಫ್ಟ್‌ವೇರನ್ನು ಏಳನೆಯ ಆವೃತ್ತಿಯಲ್ಲೇ ಇಟ್ಟುಕೊಳ್ಳಬೇಕೋ, ಹನ್ನೆರಡನೆಯದಕ್ಕೆ ಏರಿಸಬೇಕೋ ಎಂಬ ಗಹನವಾದ ಪ್ರಶ್ನೆಯನ್ನು ಅವಳ ಮುಂದೆ ಮಂಡಿಸಿದೆ. ಅವಳು ಬ್ರೆಡ್ಡಿಗೆ ಕೆಂಪು ಮೆಣಸಿನಕಾಯಿ ಚಟ್ನಿ ಸವರುತ್ತಾ, ತಲೆ ಎತ್ತದೆ ಕೇಳಿದಳು:

"ಏಳನೇದ್ರಲ್ಲಿ ಎಷ್ಟು ಹಾಡು ಮುಗಿಸಿದ್ದೀಯ?"

"ಎರಡು."

"ಅದ್ರಲ್ಲೊಂದು ನಮ್ಮನೆ ಬಾಗಿಲ ಗಂಟೆ."

ಇನ್ನೊಂದು ಯಾವುದೆಂದು ಅವಳು ಕೇಳಲಿಲ್ಲ. (ಅದು ಅದೇ ಗಂಟೆ, ಸ್ವಲ್ಪ ನಿಧಾನವಾಗಿ.)

ನಾನು ಪೆರ್ನಿಕ್ ಪಟ್ಟಣದ ತಾಂತ್ರಿಕ ಶಾಲೆಯಲ್ಲಿ ನಕ್ಷೆ ಬಿಡಿಸುವುದನ್ನು ಕಲಿಸುವ ಮೇಷ್ಟರು. ಹೆಸರು ಲಚೆಜಾರ್ ವೆಲ್ಕೋವ್. ಸಂಗೀತ ನನ್ನ ಹವ್ಯಾಸ ಎಂದು ನಾನು ಹೇಳಿಕೊಳ್ಳುತ್ತೇನೆ; ರುಮ್ಯಾನಾ ಅದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದಾಳೆ. ನಮ್ಮ ಫ್ಲಾಟಿನ ಅಡುಗೆಮನೆ ಪಕ್ಕದ ಉಗ್ರಾಣವೇ ನನ್ನ ಧ್ವನಿಮುದ್ರಣ ಮಂದಿರ. ಗೋಡೆಗೆಲ್ಲ ಮೊಟ್ಟೆಯ ರಟ್ಟುಗಳನ್ನು ಅಂಟಿಸಿದ್ದೇನೆ. ಒಂದು ಮೂಲೆಯಲ್ಲಿ ಕಂಪ್ಯೂಟರು, ಇನ್ನೊಂದು ಮೂಲೆಯಲ್ಲಿ ಎಲೆಕೋಸು ಹುಳಿ ಹಾಕಿಟ್ಟ ಪೀಪಾಯಿ. ಎರಡರಲ್ಲಿ ಮನೆಗೆ ಉಪಯೋಗಕ್ಕೆ ಬಂದಿರುವುದು ಯಾವುದೆಂದು ಕೇಳಿದರೆ ನಾನು ಉತ್ತರ ಕೊಡುವುದಿಲ್ಲ.

ಸಾಫ್ಟ್‌ವೇರ್ ಏರಿಸುವುದು ಎಂದರೆ ಹುಡುಗಾಟವಲ್ಲ. ಒಮ್ಮೆ ಏರಿಸಿದರೆ ಮತ್ತೆ ಇಳಿಯುವಂತಿಲ್ಲ. ಈ ವಿಷಯದಲ್ಲಿ ಅದು ಮದುವೆಯ ಹಾಗೆ. ಆದ್ದರಿಂದ ನಾನು ಮೂರು ತಿಂಗಳು ಶಾಸ್ತ್ರೋಕ್ತವಾಗಿ ವಿಚಾರ ಮಾಡಿದೆ. ನಲವತ್ತೊಂದು ಹೊಸ ಸೌಲಭ್ಯಗಳನ್ನು ಪಟ್ಟಿ ಮಾಡಿ, ನಕ್ಷೆಯ ದೊಡ್ಡ ಹಾಳೆಯಲ್ಲಿ ಬಣ್ಣಬಣ್ಣದ ಗೆರೆ ಎಳೆದು ಗೋಡೆಗೆ ತೂಗುಹಾಕಿದೆ. ಇಂಟರ್ನೆಟ್ಟಿನಲ್ಲಿ ಗಡ್ಡದವರೆಲ್ಲ ಏನೇನು ಹೇಳುತ್ತಾರೆಂದು ನೋಡಿದೆ. ಒಬ್ಬ ಗಡ್ಡದವನು ಕೂಡಲೇ ಏರಿಸಿ ಎಂದ. ಇನ್ನೊಬ್ಬ ಗಡ್ಡದವನು ತಪ್ಪಿಯೂ ಏರಿಸಬೇಡಿ ಎಂದ. ಮೂರನೆಯವನು ಕಾದು ನೋಡಿ ಎಂದ. ಆಮೇಲೆ ಗೊತ್ತಾಯಿತು, ಅವನು ಗಡ್ಡ ಬೋಳಿಸಿಕೊಂಡ ಮೊದಲನೆಯವನೇ. ಶಾಲೆಯಲ್ಲಿ ವ್ಯಾಯಾಮದ ಮೇಷ್ಟರ ಅಭಿಪ್ರಾಯ ಕೇಳಿದೆ. ಅವರು ನನ್ನ ಬೆನ್ನು ತಟ್ಟಿ, ದಿನಾ ಅರ್ಧ ಗಂಟೆ ನಡೆದರೆ ಇದೆಲ್ಲ ತಾನಾಗಿ ಹೋಗುತ್ತದೆ ಎಂದರು. ಈ ಮೂರು ತಿಂಗಳಲ್ಲಿ ನಾನು ಒಂದೇ ಒಂದು ಸ್ವರವನ್ನೂ ಮುದ್ರಿಸಿಕೊಳ್ಳಲಿಲ್ಲ. ಕಲಾವಿದನಿಗೆ ಸಾಧನ ಮುಖ್ಯ, ಸಾಧನೆ ಆಮೇಲೆ.

ಅಷ್ಟರಲ್ಲಿ ಗ್ಯುರ್ಗಾ ದೊಡ್ಡಮ್ಮನ ಹಲ್ಲಿನ ವಿಷಯ ಬಂತು.

ಗ್ಯುರ್ಗಾ ನನ್ನ ಹೆಂಡತಿಯ ದೊಡ್ಡಮ್ಮ. ಎಂಬತ್ತೊಂದು ವರ್ಷ. ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಹಳ್ಳಿಯಲ್ಲಿ ಅವಳು, ಪಕ್ಕದ ಮನೆಯ ವಿದಾ, ವಿದಾಳ ತಂಗಿ, ಜೊತೆಗೆ ನನ್ನ ರುಮ್ಯಾನಾ, ಹೀಗೆ ನಾಲ್ವರು ಸೇರಿ ಹಳೆಯ ಕಾಲದ ಕುಯಿಲಿನ ಹಾಡು ಹಾಡುತ್ತಾರೆ. ಊರಿನ ವಾಚನಾಲಯಕ್ಕೆ ಮೇ ತಿಂಗಳಲ್ಲಿ ನೂರು ವರ್ಷ ತುಂಬುವುದಿತ್ತು. ಆ ಸಮಾರಂಭಕ್ಕೆ ಅವರ ಹಾಡಿನ ಸಿ.ಡಿ. ಮಾಡಿಸುವುದೆಂದು ಊರವರು ತೀರ್ಮಾನಿಸಿದ್ದರು. ಆದರೆ ದೊಡ್ಡಮ್ಮನ ಬಾಯಲ್ಲಿ ಉಳಿದಿದ್ದ ಒಂಬತ್ತು ಹಲ್ಲುಗಳನ್ನು ಕಿತ್ತು ಪೂರ್ತಿ ಹೊಸ ಸೆಟ್ಟು ಕೂರಿಸುವುದಕ್ಕೆ ದಂತವೈದ್ಯರು ಏಪ್ರಿಲ್ಲಿನ ಒಂದು ಸೋಮವಾರವನ್ನು ಗೊತ್ತು ಮಾಡಿಬಿಟ್ಟರು. ಹೊಸ ಹಲ್ಲಿನಲ್ಲಿ ಊಟ ಮಾಡಬಹುದು, ಹಾಡುವುದಕ್ಕಾಗುವುದಿಲ್ಲ, ಗಾಳಿ ಹೋಗುವ ದಾರಿಯೇ ಬೇರೆಯಾಗುತ್ತದೆ ಎಂದು ದೊಡ್ಡಮ್ಮ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದಳು. ಮೂಲ ದನಿ ಅವಳದೇ. ಹಾಡಿನ ಪೂರ್ತಿ ಸಾಲುಗಳು ಗೊತ್ತಿರುವುದೂ ಅವಳೊಬ್ಬಳಿಗೇ. ಅಂದರೆ ಮುದ್ರಣ ಆಗುವುದಿದ್ದರೆ ಅದಕ್ಕೆ ಹಿಂದಿನ ದಿನ, ಭಾನುವಾರದೊಳಗೇ ಆಗಬೇಕು.

"ಮನೇಲಿ ಇಷ್ಟೆಲ್ಲಾ ಸಾಮಾನು ಇಟ್ಕೊಂಡಿದ್ದೀಯಲ್ಲ, ಒಂದ್ಸಲನಾದ್ರೂ ಉಪಯೋಗಿಸು," ಎಂದಳು ರುಮ್ಯಾನಾ.

ಇಲ್ಲಿ ಓದುಗರಿಗೆ ಒಂದು ಗುಟ್ಟು ಹೇಳಬೇಕು. ಮದುವೆಯಾದ ಹತ್ತೊಂಬತ್ತು ವರ್ಷಗಳಿಂದ ನಾನು ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ. ನನ್ನ ಹೆಂಡತಿಯ ಕಡೆಯವರು ಅಪಸ್ವರದಲ್ಲಿ ಹಾಡುತ್ತಾರೆ. ನಮ್ಮ ಮದುವೆಯ ದಿನ ಈ ಹೆಂಗಸರು ಒಬ್ಬರ ಭುಜಕ್ಕೊಬ್ಬರು ಆತು ನಿಂತು ಬಾಯಿ ತೆರೆದಾಗ, ಹೆಣ್ಣಿನ ಕಡೆಯವರಲ್ಲಿ ಎರಡು ಪಂಗಡ ಇದೆ, ಜಗಳ ಶುರುವಾಯಿತು ಎಂದೇ ತಿಳಿದಿದ್ದೆ. ಒಬ್ಬಳು ಒಂದು ಸ್ವರ ಹಿಡಿದರೆ ಇನ್ನೊಬ್ಬಳು ಸರಿಯಾಗಿ ಅದರ ಪಕ್ಕದ ಸ್ವರ ಹಿಡಿಯುತ್ತಾಳೆ. ಎರಡೂ ಉಜ್ಜಾಡಿ ಕೇಳುವವನ ದವಡೆ ಜುಮ್ಮೆನ್ನುತ್ತದೆ. ಊರೆಲ್ಲ ಕಣ್ಣೀರು ಒರೆಸಿಕೊಳ್ಳುತ್ತಿತ್ತು. ನಾನೂ ಒರೆಸಿಕೊಂಡೆ, ಬೇರೆ ಕಾರಣಕ್ಕೆ.

ಹೀಗಿರುವಾಗ ನನ್ನ ಪಟ್ಟಿಯ ಹದಿನೇಳನೆಯ ಸೌಲಭ್ಯದ ಮೇಲೆ ಕಣ್ಣು ಬಿತ್ತು. ಹನ್ನೆರಡನೆಯ ಆವೃತ್ತಿ ತಪ್ಪು ಸ್ವರವನ್ನು ತಾನೇ ಪತ್ತೆ ಹಚ್ಚಿ, ತಾನೇ ತಿದ್ದುತ್ತದಂತೆ. ಮೂರು ತಿಂಗಳ ದ್ವಂದ್ವ ಮೂರು ನಿಮಿಷದಲ್ಲಿ ಮುಗಿಯಿತು. ಶನಿವಾರ ಕೊಂಡೇಬಿಟ್ಟೆ. ನನಗಾಗಿ ಅಲ್ಲ, ಕುಟುಂಬದ ಮರ್ಯಾದೆಗಾಗಿ.

ಭಾನುವಾರ ಎಂಟರ ಬಸ್ಸಿಗೆ ಹೆಂಗಸರು ಬಂದಿಳಿದರು. ಹೊಸ ಆವೃತ್ತಿ ಇನ್ನೂ ಕಂಪ್ಯೂಟರಿಗೆ ಇಳಿಯುತ್ತಲೇ ಇತ್ತು. ಎಂಟೂವರೆಗೆ ಶೇಕಡಾ ಅರವತ್ತೆರಡು. ಹತ್ತಕ್ಕೆ ಅರವತ್ತನಾಲ್ಕು. ಅವರು ಅಡುಗೆಮನೆಯಲ್ಲಿ ಕೂತು, ತಾವೇ ತಂದಿದ್ದ ಚೀಸಿನ ಬಾನಿತ್ಸಾ ತಿಂದು, ಕಾಫಿ ಕುಡಿದು, ನಮ್ಮ ಕಿಟಕಿ ಪರದೆಯ ಬಣ್ಣದಿಂದ ಹಿಡಿದು ನನ್ನ ಸಂಬಳದವರೆಗೆ ಎಲ್ಲವನ್ನೂ ಚರ್ಚಿಸಿದರು. ಹಳೆಯದರಲ್ಲೇ ಮುದ್ರಿಸಬಾರದೇ ಎಂದು ರುಮ್ಯಾನಾ ಎರಡು ಸಲ ಕೇಳಿದಳು. ಹಳೆಯದು ಹೋಯಿತು, ಅದರ ಜಾಗದಲ್ಲೇ ಹೊಸದು ಕೂರುತ್ತಿದೆ ಎಂದು ವಿವರಿಸಿದೆ. ವಿದಾ ಬಾಗಿಲಲ್ಲಿ ತಲೆ ಹಾಕಿ ನೋಡಿ, "ಅಳಿಯಂದಿರ ಯಂತ್ರಕ್ಕೆ ಇನ್ನೂ ಹಲ್ಲು ಬಂದಿಲ್ಲ ಕಣೇ ಗ್ಯುರ್ಗಾ, ನಿನ್ನವು ಹೋಗೋದ್ರೊಳಗೆ ಬಂದ್ರೆ ಪುಣ್ಯ," ಎಂದು ವರದಿ ಒಪ್ಪಿಸಿದಳು.

ಹನ್ನೊಂದೂವರೆಗೆ ಯಂತ್ರ ಸಿದ್ಧವಾಯಿತು. ಉಗ್ರಾಣದಲ್ಲಿ ನಾಲ್ಕು ಹೆಂಗಸರು, ಒಂದು ಪೀಪಾಯಿ, ನಾನು. ಮೈಕು ದೊಡ್ಡಮ್ಮನ ಮೂಗಿಗೂ ನನ್ನ ಕಿವಿಗೂ ಸಮದೂರದಲ್ಲಿತ್ತು. ದೊಡ್ಡಮ್ಮ ತಲೆವಸ್ತ್ರ ಸರಿಮಾಡಿಕೊಂಡು, ಒಂದೇ ಸಲ ಹಾಡುತ್ತೇನೆ, ಎರಡನೆಯ ಸಲಕ್ಕೆ ಉಸಿರಿಲ್ಲ ಎಂದಳು. ನಾಲ್ವರೂ ಹಾಡಿದರು. ಮೊಟ್ಟೆಯ ರಟ್ಟುಗಳು ನಡುಗಿದವು. ಕೊನೆಯ ಸ್ವರವನ್ನು ಹಿಡಿದು ಎಷ್ಟು ಹೊತ್ತು ನಿಂತರೆಂದರೆ, ನಾನು ಮನಸ್ಸಿನಲ್ಲೇ ಏನೇನೋ ಅಂದುಕೊಂಡೆ. ಆಮೇಲೆ ಹಳ್ಳಿಯ ಮೂವರೂ ಬಸ್ಸು ಹತ್ತಿದರು. ಮಾರನೆಯ ದಿನ ಒಂಬತ್ತೂ ಹಲ್ಲು ಹೋದವು.

ನಾನು ಇಡೀ ವಾರ ಆ ಹಾಡಿನ ಮೇಲೆ ಕೂತೆ. ಕೂತೆ ಎನ್ನುವುದಷ್ಟೇ ನಿಜ, ಕೆಲಸವೆಲ್ಲ ಯಂತ್ರದ್ದು. ಅಂಕುಡೊಂಕಾದ ದನಿಗಳನ್ನೆಲ್ಲ ಅದು ಇಸ್ತ್ರಿ ಹಾಕಿದ ಹಾಗೆ ಮಟ್ಟಸ ಮಾಡಿತು. ಉಜ್ಜಾಟವಿಲ್ಲ, ಜುಮ್ಮೆನ್ನುವುದಿಲ್ಲ. ಜೇನಿನಲ್ಲಿ ಅದ್ದಿ ತೆಗೆದ ಹಾಗೆ ನಾಲ್ಕು ದನಿ. ಮೊದಲ ಬಾರಿಗೆ ನನ್ನ ಹೆಂಡತಿಯ ತವರಿನ ಬಗ್ಗೆ ನನಗೆ ಹೆಮ್ಮೆ ಎನಿಸಿತು.

ಮುಂದಿನ ಭಾನುವಾರ ಮತ್ತೆ ಎಲ್ಲರೂ ಸೇರಿದರು. ದೊಡ್ಡಮ್ಮ ಊದಿದ ಕೆನ್ನೆಯಲ್ಲಿ ಸೂಪು ಕುಡಿಯುತ್ತಿದ್ದಳು. ನಾನು ಬಿಳಿ ಅಂಗಿ ತೊಟ್ಟು, ಸ್ಪೀಕರುಗಳನ್ನು ಅಡುಗೆಮನೆಗೆ ತಂದಿಟ್ಟು, ಗುಂಡಿ ಒತ್ತಿದೆ.

ಹಾಡು ಮುಗಿಯಿತು. ಆನಂದಾತಿರೇಕದಿಂದ ಎಲ್ಲರ ಮಾತು ನಿಂತಿದೆ ಎಂದು ತಿಳಿದು ನಾನು ವಿನಯದಿಂದ ತಲೆ ತಗ್ಗಿಸಿದೆ.

ದೊಡ್ಡಮ್ಮ ಚಮಚ ಕೆಳಗಿಟ್ಟು ಸಮಾಧಾನವಾಗಿ ಹೇಳಿದಳು: "ಚೆನ್ನಾಗಿದೆ ಅಳಿಯಪ್ಪ. ನಮ್ಮ ಹಾಡು ಯಾವಾಗ ಬರತ್ತೆ?"

ಇದೇ ನಿಮ್ಮ ಹಾಡು ಎಂದೆ. ಇವರು ಟಿ.ವಿ.ಯಲ್ಲಿ ಯಾವುದೋ ಚಾಕೊಲೇಟು ಮಾರುವ ಹುಡುಗಿಯರು ಎಂದಳು ವಿದಾ. ಅವಳ ತಂಗಿ ಕರವಸ್ತ್ರ ಹುಡುಕಿದಳು. ಆಗ ದೊಡ್ಡಮ್ಮ, ಹಲ್ಲಿಲ್ಲದ ಬಾಯಲ್ಲಿ, ಮಗುವಿಗೆ ತಿಳಿಹೇಳುವ ಹಾಗೆ ಹೇಳಿದಳು: "ನೋಡಪ್ಪ, ಎರಡು ದನಿ ಒಂದಕ್ಕೊಂದು ಉಜ್ಜಬೇಕು. ಉಜ್ಜಿದ್ರೇನೇ ಗಂಟೆ ಥರ ಮೊಳಗೋದು. ನಮ್ಮಮ್ಮ ನನ್ನ ಬೆನ್ನಿಗೆ ಕೋಲಲ್ಲಿ ಹೊಡೆದು ಕಲಿಸಿದ್ದು ಅದೊಂದನ್ನೇ. ಆ ಉಜ್ಜಾಟ ಎಲ್ಲಿ ಹಾಕ್ಬಿಟ್ಟೆ?"

ಅವಳ ಕಣ್ಣು ನೋಡಿದೆ. ಕೋಪ ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ, ಅಲ್ಲಿ ಕೋಪವಿರಲಿಲ್ಲ. ಎಪ್ಪತ್ತು ವರ್ಷ ಜೋಪಾನ ಮಾಡಿದ್ದನ್ನು ನನ್ನ ಕೈಗೆ ಕೊಟ್ಟಿದ್ದಳು, ನಾನು ಕಳೆದುಹಾಕಿದ್ದೆ. ಇನ್ನು ಮತ್ತೆ ಹಾಡುವಂತೆಯೂ ಇಲ್ಲ.

ಇಂಥ ಸಮಯದಲ್ಲಿ ಗಂಡಸು ಮಾಡುವುದನ್ನೇ ನಾನೂ ಮಾಡಿದೆ. ತಪ್ಪನ್ನು ಯಂತ್ರದ ಮೇಲೆ ಹಾಕಿದೆ. ನನಗೇನೂ ಗೊತ್ತಿಲ್ಲ, ಇದೆಲ್ಲ ಅದರದೇ ಕಿತಾಪತಿ, ನಿಮ್ಮ ಹಾಡಿನಲ್ಲಿ ಕುಂದಿದೆ ಎಂದು ನನಗೆ ಕನಸಿನಲ್ಲೂ ಅನಿಸಿಲ್ಲ, ನಾನು ಮದುವೆಯ ದಿನದಿಂದಲೂ ನಿಮ್ಮ ಅಭಿಮಾನಿ ಎಂದು ಎದೆ ಮುಟ್ಟಿಕೊಂಡು ಹೇಳಿದೆ.

ರುಮ್ಯಾನಾ ಎದ್ದು ಉಗ್ರಾಣಕ್ಕೆ ಹೋದಳು. ಕಂಪ್ಯೂಟರಿನ ಮುಂದೆ ಕೂತು ಕನ್ನಡಕ ಹಾಕಿಕೊಂಡಳು. ನಲವತ್ತೊಂದು ಸೌಲಭ್ಯಗಳ ನನ್ನ ಪಟ್ಟಿಯ ಕಡೆ ಅವಳು ನೋಡಲೂ ಇಲ್ಲ. ಪರದೆಯ ಮೇಲೆ ಬರೆದದ್ದನ್ನು ಗಟ್ಟಿಯಾಗಿ ಓದಿದಳು. "ಸ್ವರ ತಿದ್ದುವುದು: ಚಾಲೂ ಇದೆ," ಎಂದು ಓದಿ ಅದನ್ನು ಬಂದ್ ಮಾಡಿದಳು. "ಬೇಡದ ಸದ್ದು ತೆಗೆಯುವುದು: ಚಾಲೂ ಇದೆ," ಎಂದು ಓದಿ ಅದನ್ನೂ ಬಂದ್ ಮಾಡಿದಳು. ಒಟ್ಟು ಒಂದು ನಿಮಿಷ.

ಮತ್ತೆ ಹಾಡು ಬಂತು. ಈ ಸಲ ಅಡುಗೆಮನೆಯ ಲೋಟಗಳು ಕಿಣಿಕಿಣಿ ಎಂದವು. ದೊಡ್ಡಮ್ಮ ಕಣ್ಣು ಮುಚ್ಚಿದಳು. ನನ್ನ ದವಡೆ ಜುಮ್ಮೆಂದಿತು. ಅಷ್ಟು ಹೆದರಿ ಕೇಳಿದ್ದಕ್ಕೋ ಏನೋ, ಮೊದಲ ಸಲ ನನಗೂ ಎಲ್ಲೋ ದೂರದಲ್ಲಿ ಗಂಟೆ ಮೊಳಗಿದ ಹಾಗಾಯಿತು. ಬದುಕಿದೆ ಎಂದುಕೊಂಡೆ. ಹಾಡು ಕೊನೆಯ ಸ್ವರಕ್ಕೆ ಬಂದು ನಿಂತಿತು. ಆ ಸ್ವರದ ಮೇಲೆ, ಮೈಕಿಗೆ ತೀರಾ ಹತ್ತಿರದಿಂದ, ಒಬ್ಬ ಗಂಡಸಿನ ಪಿಸುದನಿ ಸ್ಪಷ್ಟವಾಗಿ ಕೇಳಿಸಿತು:

"ಅಯ್ಯೋ ದೇವರೇ, ನಾಲ್ಕು ಜನ, ನಾಲ್ಕು ದಾರಿ. ಇರ್ಲಿ, ಯಂತ್ರ ಸರಿ ಮಾಡತ್ತೆ."

ಮನಸ್ಸಿನಲ್ಲೇ ಅಂದುಕೊಂಡೆ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ದೊಡ್ಡಮ್ಮನ ಹೊಟ್ಟೆ ಕುಲುಕತೊಡಗಿತು. ಊದಿದ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನೋವಿಗೆ ನರಳುತ್ತಾ ನಕ್ಕಳು. ನಾನು ಆ ಪಿಸುಮಾತನ್ನು ಕತ್ತರಿಸುತ್ತೇನೆ ಎಂದೆ. ಕತ್ತರಿಸಿದರೆ ಕೊನೆಯ ಸ್ವರವೂ ಹೋಗುತ್ತದೆ ಎಂದಳು ರುಮ್ಯಾನಾ. ಬೇಡದ ಸದ್ದು ತೆಗೆಯುವುದನ್ನು ಅದೊಂದು ಜಾಗಕ್ಕೆ ಮಾತ್ರ ಹಾಕೋಣ ಎಂದೆ. ನನ್ನ ಹಾಡಿಗೆ ಇನ್ನು ಆ ಯಂತ್ರ ಕೈ ಹಚ್ಚಕೂಡದು, ಇದ್ದದ್ದು ಇದ್ದ ಹಾಗೇ ಇರಲಿ ಎಂದು ದೊಡ್ಡಮ್ಮ ತೀರ್ಪು ಕೊಟ್ಟಳು.

ಮೇ ತಿಂಗಳಲ್ಲಿ ವಾಚನಾಲಯದ ಸಭಾಂಗಣದಲ್ಲಿ ನೂರ ನಲವತ್ತು ಜನರ ಮುಂದೆ ಅದು ಇದ್ದ ಹಾಗೇ ಮೊಳಗಿತು. ಹಾಡಿಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಮೇಲೆ ಕೊನೆಯದನ್ನು ಇನ್ನೊಮ್ಮೆ ಹಾಕಿ ಎಂದು ಕೇಳಿದರು. ಬರೀ ಕೊನೆಯದನ್ನು. ಮೂರು ಸಲ ಹಾಕಿದರು.

ಸಿ.ಡಿ.ಯ ಹೊದಿಕೆಯ ಮೇಲೆ ಧ್ವನಿಮುದ್ರಣ ಎಂದು ನನ್ನ ಹೆಸರನ್ನಾದರೂ ಹಾಕಿಸು ಎಂದು ರುಮ್ಯಾನಾಳಲ್ಲಿ ಬೇಡಿಕೊಂಡಿದ್ದೆ. ತಿದ್ದುವುದನ್ನು ಬಂದ್ ಮಾಡಿದ್ದು ತಾನಾದ್ದರಿಂದ ಅದಕ್ಕೆ ತನ್ನ ಹೆಸರೇ ನ್ಯಾಯ ಎಂದಳು. ಆದರೂ ಅವಳದು ಮೃದು ಹೃದಯ. ನನ್ನನ್ನು ಪೂರ್ತಿ ಕೈಬಿಡಲಿಲ್ಲ. ಹೊದಿಕೆಯಲ್ಲಿ ನಾಲ್ವರ ಹೆಸರಿನ ಕೆಳಗೆ, ಸ್ವಲ್ಪ ಸಣ್ಣ ಅಕ್ಷರದಲ್ಲಿ ಅಚ್ಚಾಗಿದೆ:

ಅಪಸ್ವರ: ಲಚೆಜಾರ್ ವೆಲ್ಕೋವ್.