ಅಂಗಳಕ್ಕೆ ಬಂದ ಹಿಮನದಿ

ಬಳ್ಳಾರಿಯ ಬಿಸಿಲಲ್ಲಿ, ಕುಲ್ಫಿ ಬಿಟ್ಟರೆ ಬೇರೆ ಮಂಜು ಕಾಣದೆ ಬೆಳೆದ ಮನುಷ್ಯ ಹಿಮನದಿ ಹೇಗೆ ಜಾರುತ್ತದೆಂದು ಅಳೆಯುವ ಕೆಲಸ ಹಿಡಿದರೆ ಅವನನ್ನು ಏನೆನ್ನಬೇಕು? ನಾವು ಮಾವ ಎನ್ನುತ್ತೇವೆ. ಬೇರೆ ದಾರಿಯಿಲ್ಲ, ಅವ್ವನ ತಮ್ಮ.

ಬೇಸಿಗೆ ಬಂತೆಂದರೆ ಮಾವ ಹಿಮಾಲಯದಲ್ಲಿ. ಹಿಮಕ್ಕೆ ಆಳದ ತೂತು ಕೊರೆದು, ತಳದ ಕೆಸರಿಗೆ ಯಂತ್ರ ಇಳಿಬಿಟ್ಟು ಕಾಯುತ್ತಿದ್ದ. ಇತ್ತ ಕುರುಗೋಡಿನಲ್ಲಿ ಅತ್ತೆ ಅವನಿಗಾಗಿ ಕಾಯುತ್ತಿದ್ದಳು. "ಒಮ್ಮೆ ನನಗೂ ತೋರಿಸ್ರಿ, ನನ್ನ ಸವತಿ ಹೆಂಗದಾಳ ನೋಡ್ತೀನಿ" ಎಂಬುದು ಅವಳ ಒಂದೇ ಬೇಡಿಕೆ. ಆದರೆ ಅವಳ ಹೃದಯ ಮೆತ್ತಗಿತ್ತು, ಬೆಟ್ಟ ಹತ್ತಲೇಬಾರದೆಂದು ಡಾಕ್ಟರು ಹೇಳಿದ್ದರು.

ಸರಿ, ಮಾವ ಹಿಮನದಿಯನ್ನೇ ಮನೆಗೆ ತಂದ! ಅತ್ತೆಯ ತವರು ಸಿರುಗುಪ್ಪದ ಗದ್ದೆಯಿಂದ ಕೆಸರು, ಬಳ್ಳಾರಿಯಿಂದ ಆಟೋದಲ್ಲಿ ಐಸ್ ಗಡ್ಡೆ. ಅಂಗಳದ ಇಳಿಜಾರು ಬಂಡೆಗೆ ಕೆಸರು ಬಳಿದು, ಮೇಲೆ ಗಡ್ಡೆ ಇಟ್ಟು, ಸ್ಕೇಲ್ ಹಿಡಿದು ಕೂತ.

ನಮ್ಮ ಕಡೆ ಮನೆಗೆ ಐಸ್ ಗಡ್ಡೆ ಬರುವುದು ಒಂದೇ ಕಾರಣಕ್ಕೆ, ದೂರದವರು ಬರುವ ತನಕ ಹೆಣ ಕೆಡದಿರಲೆಂದು. ಓಣಿಯ ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದು ಅಳುತ್ತ ಬಂದರು. ಅತ್ತೆಯೇ ಬಾಗಿಲಿಗೆ ಬಂದು, "ನಾನಿನ್ನೂ ಅದೀನಿ, ಚಾ ಕುಡದು ಹೋಗ್ರಿ" ಎಂದಳು.

"ಬರೇ ಮ್ಯಾಲಿನ ಭಾರಕ್ಕ ಜಾರಂಗಿಲ್ಲ. ಕೆಳಗ ನೀರು ಸೇರಿ ಕೆಸರು ಸಡ್ಲ ಆಗತೈತಿ ನೋಡು, ಅವಾಗ ಜಾರತೈತಿ" ಎಂದು ಮಾವ ವಿವರಿಸಿದ.

"ಅಂದ್ರ ನನ್ನ ಸವತಿ ಜಾರೋದು ನನ್ನ ತವರುಮಣ್ಣಿನ ಮ್ಯಾಲೇನು?" ಎಂದು ಅತ್ತೆ ಬಿದ್ದು ಬಿದ್ದು ನಕ್ಕಳು. ಆ ನಗು ಈಗಲೂ ಕಿವಿಯಲ್ಲಿದೆ, ಕೇಳಿದಾಗಲೆಲ್ಲ ಅಳು ಬರುತ್ತದೆ.

ಆಮೇಲೆ ಮಾವ ಊರಿಗೆ ಬಂದಾಗಲೆಲ್ಲ ಇದೇ ಆಟ. ಓಣಿಗೂ ರೂಢಿಯಾಯಿತು. ಐಸ್ ಆಟೋ ಕಂಡರೆ "ಸಾಹೇಬ್ರು ಬಂದಾರ" ಎಂದು ನಗುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಮತ್ತೆ ಐಸ್ ಬಂತು. ಓಣಿ ನಕ್ಕು ಸುಮ್ಮನಾಯಿತು, ಒಬ್ಬರೂ ಬರಲಿಲ್ಲ. ಮಾವ ಇನ್ನೂ ಬೆಟ್ಟದಲ್ಲೇ ಇದ್ದ. ನಾನೇ ಮನೆಮನೆಗೆ ಹೋಗಿ, ಈ ಸಲ ಆಟವಲ್ಲ, ಅತ್ತೆ ಹೋದಳು ಎಂದು ಹೇಳಬೇಕಾಯಿತು. ಅದಕ್ಕಿಂತ ಕಷ್ಟದ ಮಾತು ನಾನು ಆಡಿಲ್ಲ.

ಮರುದಿನ ಸಂಜೆ ಮಾವ ಬಂದ. ಅಂಗಳದಲ್ಲಿ ಅತ್ತೆಯ ಮಗ್ಗುಲಿಗಿಟ್ಟ ಗಡ್ಡೆ ತನ್ನದೇ ನೀರಿನಲ್ಲಿ ಮೆಲ್ಲಗೆ ಬಚ್ಚಲ ಕಡೆ ಜಾರುತ್ತಿತ್ತು. ಅವನು ಸ್ಕೇಲ್ ಹುಡುಕಲಿಲ್ಲ. ಕುಕ್ಕರಿಸಿ ಕೂತು, ಅಂಗೈ ಒತ್ತಿ ಅದನ್ನು ತಡೆದ.

"ತಡಿಯಲೇ" ಎಂದ ಐಸಿಗೆ. "ಈಗ ಬಂದೀನಿ. ಸ್ವಲ್ಪ ತಡಿ."

ಕೈ ಮರಗಟ್ಟುತ್ತದೆ ಬಿಡು ಎಂದು ನಾವೆಲ್ಲ ಹೇಳಿದೆವು. ಬಿಡಲಿಲ್ಲ.